ಹನ್ನೆರಡರಿಂದ ಮೂರು: ಬೆಂಗಳೂರಲ್ಲಿ ಮಧ್ಯಾಹ್ನದ ಊಟ ಎಲ್ಲಿ, ಎಷ್ಟು ಹೊತ್ತಿಗೆ

ಬೆಂಗಳೂರಿನ ಹೋಟೆಲುಗಳ ಬಗ್ಗೆ ಬರೆಯುವವರೆಲ್ಲ ಇಡ್ಲಿ-ದೋಸೆಯಲ್ಲೇ ನಿಂತುಬಿಡುತ್ತಾರೆ. ಅದನ್ನು ನಂಬಿಕೊಂಡು ಮಧ್ಯಾಹ್ನ ಒಂದು ಗಂಟೆಗೆ ಗಾಂಧಿ ಬಜಾರಿಗೆ ಹೋದರೆ ವಿದ್ಯಾರ್ಥಿ ಭವನದ ಬಾಗಿಲು ಹಾಕಿರುತ್ತದೆ. 1943ರಿಂದ ನಡೆಯುತ್ತಿರುವ ಹೋಟೆಲು ಅದು. ಬೆಳಗಿನ ಸರದಿ ಮುಗಿಸಿದರೆ ಮತ್ತೆ ಬಾಗಿಲು ತೆಗೆಯುವುದು ಎರಡು ಗಂಟೆ ಮೇಲೆ, ಶುಕ್ರವಾರವಂತೂ ಪೂರ್ತಿ ರಜೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್, ಮಲ್ಲೇಶ್ವರದ ಸಿಟಿಆರ್ ಕೂಡ ಮಧ್ಯಾಹ್ನ ಬಿಡುವು ಮಾಡಿಕೊಳ್ಳುತ್ತವೆ. ಇವೆಲ್ಲ ತಿಂಡಿ ಹೋಟೆಲು. ಊಟದ ಹೋಟೆಲೇ ಬೇರೆ, ಅದರ ಗಡಿಯಾರವೂ ಬೇರೆ.

ತಿಂಡಿ ಹೋಟೆಲಿನಲ್ಲಿ ದೋಸೆ ಆಗಾಗ ಹಂಚಿನಿಂದ ಏಳುತ್ತಲೇ ಇರುತ್ತದೆ. ಎಂಟಕ್ಕೆ ಹೋದರೂ ಹತ್ತಕ್ಕೆ ಹೋದರೂ ರುಚಿ ಅದೇ. ಊಟ ಹಾಗಲ್ಲ. ಹುಳಿ, ಪಲ್ಯ, ಬಿರಿಯಾನಿ ಎಲ್ಲ ಹನ್ನೆರಡರೊಳಗೆ ಒಂದೇ ಸಲ ಆಗಿ ಇಳಿದಿರುತ್ತವೆ. ಆಮೇಲೆ ಅಡುಗೆಯವರಿಗೆ ಅದನ್ನು ಬಿಸಿಯಾಗಿಟ್ಟುಕೊಳ್ಳುವ ಕೆಲಸವಷ್ಟೇ. ಹಾಗಾಗಿ ಯಾವ ಹೋಟೆಲು ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಅನ್ನುವುದೇ ಹೆಚ್ಚು ಮುಖ್ಯ. 12:15ಕ್ಕೆ ಸಾಧಾರಣ ಹೋಟೆಲಲ್ಲಿ ಸಿಗುವ ಊಟ, 2:45ಕ್ಕೆ ಹೆಸರುವಾಸಿ ಹೋಟೆಲಲ್ಲಿ ಸಿಗುವ ಊಟಕ್ಕಿಂತ ಚೆನ್ನಾಗಿರುತ್ತದೆ. ಕೆಳಗಿನದ್ದೆಲ್ಲ ಈ ಲೆಕ್ಕ ಇಟ್ಟುಕೊಂಡೇ ಬರೆದದ್ದು. ರೇಟು ಬರೆದಿಲ್ಲ; ಬರೆದ ಆರು ತಿಂಗಳಿಗೆ ಅದು ಸುಳ್ಳಾಗುತ್ತದೆ.

ಪೇಟೆ ಕಡೆ, ಜಯನಗರದ ಕಡೆ: ಮಿಲಿಟರಿ ಹೋಟೆಲು

ಬೆಂಗಳೂರಿನದೇ ಅನ್ನಬಹುದಾದ ಮಧ್ಯಾಹ್ನದ ಊಟ ಸಿಗುವುದು ಮಿಲಿಟರಿ ಹೋಟೆಲಿನಲ್ಲಿ, ಅಂದರೆ ಮಾಂಸದೂಟದ ಹೋಟೆಲಿನಲ್ಲಿ. ಹಳೆಯವನ್ನು ಬಹುಪಾಲು ಮರಾಠ ಮನೆತನಗಳು ನಡೆಸಿಕೊಂಡು ಬಂದಿವೆ. ಕಾಟನ್‌ಪೇಟೆಯ ಎಸ್.ಜಿ. ರಾವ್ ಮಿಲಿಟರಿ ಹೋಟೆಲಿಗೆ ನೂರು ವರ್ಷ ದಾಟಿದೆ. ಜಯನಗರ 8ನೇ ಬ್ಲಾಕಿನ ಶಿವಾಜಿ ಮಿಲಿಟರಿ ಹೋಟೆಲಿನ ಮುಂದೆ ಭಾನುವಾರ ಹನ್ನೆರಡಕ್ಕೆಲ್ಲ ಜನ ನಿಂತಿರುತ್ತಾರೆ. ಎರಡೂ ಕಡೆ ಕೂತು ಹರಟುವ ಪದ್ಧತಿ ಇಲ್ಲ. ಜಾಗ ಸಿಕ್ಕಿದ ಕಡೆ ಕೂತು, ಪಕ್ಕದಲ್ಲಿ ಪರಿಚಯವಿಲ್ಲದವರಿದ್ದರೂ ಸರಿ, ತಿಂದು ಏಳಬೇಕು.

ಇಲ್ಲಿ ಎಲೆಯ ದೊನ್ನೆಯಲ್ಲಿ ಕೊಡುವ ದೊನ್ನೆ ಬಿರಿಯಾನಿಗೆ ಬಳಸುವುದು ಜೀರಿಗೆ ಸಾಂಬಾ ಅಕ್ಕಿ. ಸಣ್ಣ ಕಾಳು, ಬಾಸ್ಮತಿಯ ಉದ್ದವೂ ಇಲ್ಲ, ಘಮಲೂ ಇಲ್ಲ. ಮಸಾಲೆ ಹಸಿರು: ಪುದೀನ, ಕೊತ್ತಂಬರಿ, ಹಸಿಮೆಣಸಿನಕಾಯಿ, ಜೊತೆಗೆ ಚಕ್ಕೆ-ಲವಂಗ. ಕೇಸರಿ ಬಣ್ಣ ಕಂಡರೆ ಅದು ಬೇರೆ ಶೈಲಿಯದು. ಸಣ್ಣ ಅಕ್ಕಿಗೆ ಮಸಾಲೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಅದೇ ಅಕ್ಕಿ ಬೇಗ ಮುದ್ದೆಯೂ ಆಗುತ್ತದೆ. ದಮ್ ಒಡೆದ ಮೊದಲ ಒಂದು ಗಂಟೆ ಕಾಳು ಬಿಡಿಬಿಡಿ ಇರುತ್ತದೆ. ಕೆಳಗೆ ಕೆಂಡವೋ ಸಣ್ಣ ಉರಿಯೋ ಇದ್ದೇ ಇರುವುದರಿಂದ ಹೊತ್ತು ಹೋದಂತೆ ಮೇಲಿನ ಅನ್ನ ಒಣಗುತ್ತದೆ, ತಳದಲ್ಲಿ ಎಣ್ಣೆ ನಿಲ್ಲುತ್ತದೆ. ಕೊನೆ ಕೊನೆಯ ದೊನ್ನೆಗಳಲ್ಲಿ ಜಿಡ್ಡು ಜಾಸ್ತಿ, ತುಂಡು ಕಮ್ಮಿ. ಎರಡೂವರೆ ದಾಟಿದರೆ ಎಷ್ಟೋ ಕಡೆ ಮಟನ್ ಖಾಲಿ, ಖುಷ್ಕ ಮಾತ್ರ ಉಳಿದಿರುತ್ತದೆ. ಖುಷ್ಕಕ್ಕೆ ಒಂದು ಪ್ಲೇಟ್ ಮಟನ್ ಫ್ರೈ ಸೇರಿಸಿಕೊಂಡರೆ ಮೋಸವೇನಿಲ್ಲ. ಒಮ್ಮೊಮ್ಮೆ ಅದೇ ಮೇಲು. ಶೇರ್ವಾ ಕೊಟ್ಟರೆಂದು ಮೊದಲೇ ಅನ್ನದ ಮೇಲೆ ಸುರಿದುಕೊಳ್ಳಬೇಡಿ. ಮೊದಲು ಎರಡು ತುತ್ತು ಹಾಗೇ ತಿಂದು ನೋಡಿ, ಒಣಗಿದ್ದರೆ ಮಾತ್ರ ಶೇರ್ವಾ. ಮೊಸರು ಬಜ್ಜಿ ಖಾರ ತಗ್ಗಿಸುವುದಕ್ಕೆ.

ಕುರಿಯೋ ಕೋಳಿಯೋ? ಮಿಲಿಟರಿ ಹೋಟೆಲಿಗೆ ಹೋಗಿ ಚಿಕನ್ ಬಿರಿಯಾನಿ ತಿನ್ನುವುದು ದಾರಿ ಖರ್ಚಿಗೆ ದಂಡ. ಕುರಿ ಮಾಂಸದ ಕೊಬ್ಬು ಕರಗಿ ಅಕ್ಕಿಗೆ ಇಳಿಯುವುದೇ ಈ ಬಿರಿಯಾನಿಯ ರುಚಿ, ಬ್ರಾಯ್ಲರ್ ಕೋಳಿಗೆ ಆ ಕೆಲಸ ಆಗುವುದಿಲ್ಲ.

ವಾರದ ಲೆಕ್ಕವೂ ಒಂದಿದೆ. ಸೋಮವಾರ, ಶನಿವಾರ ಊರಿನ ಅರ್ಧ ಜನ ಮಾಂಸ ಮುಟ್ಟುವುದಿಲ್ಲ. ಅಂದು ಜಾಗ ಸುಲಭವಾಗಿ ಸಿಗುತ್ತದೆ, ಆದರೆ ಕೆಲವು ಹೋಟೆಲು ಅಂಥ ದಿನ ನೋಡಿಯೇ ರಜೆ ಇಟ್ಟುಕೊಂಡಿರುತ್ತವೆ, ಫೋನು ಮಾಡಿ ಹೊರಡಿ. ಶ್ರಾವಣದಲ್ಲಿ ಇನ್ನೂ ಆರಾಮ. ಯುಗಾದಿಯ ಮಾರನೆಯ ದಿನ, ಊರೆಲ್ಲ ಮಾಂಸದೂಟ ಮಾಡುವ ಹೊಸತೊಡಕಿಗೆ ಮಾತ್ರ ಆ ಕಡೆ ತಲೆ ಹಾಕಬೇಡಿ.

ಮುದ್ದೆ ಊಟ

ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯ, ಪೀಣ್ಯ, ಮೈಸೂರು ರಸ್ತೆ: ಈ ಪಶ್ಚಿಮದ ಪಟ್ಟಿಯಲ್ಲಿ ಫ್ಯಾಕ್ಟರಿ, ವರ್ಕ್‌ಶಾಪುಗಳ ನಡುವೆ ಮುದ್ದೆ ಹೋಟೆಲುಗಳು ಹೆಜ್ಜೆಗೊಂದು. ಮಂಡ್ಯ, ರಾಮನಗರ, ತುಮಕೂರಿನ ಕಡೆಯಿಂದ ಬಂದು ಇಲ್ಲಿ ಕೆಲಸ ಮಾಡುವವರಿಗಾಗಿ ನಡೆಯುವ ಹೋಟೆಲು ಇವು. ಹಾಗಾಗಿ ಮುದ್ದೆಯಲ್ಲಿ ಹುಡುಗಾಟ ನಡೆಯುವುದಿಲ್ಲ. ಒಂದಕ್ಕೆ ಫ್ಯಾಕ್ಟರಿ ಊಟದ ಬಿಡುವು, ಆ ನೂಕುನುಗ್ಗಲಿನಲ್ಲೇ ಹೋಗುವುದು ಲಾಭ. ಆಗ ಮುದ್ದೆ ಪಾತ್ರೆಯಿಂದ ನೇರ ತಟ್ಟೆಗೆ ಬರುತ್ತದೆ. ಎರಡು ಗಂಟೆ ಮೇಲೆ ಹಾಟ್‌ಬಾಕ್ಸಿನಲ್ಲಿ ಕೂತ ಮುದ್ದೆ ಸಿಗುತ್ತದೆ: ಆವಿ ನೀರಾಗಿ ಇಳಿದು ಅಡಿಯಲ್ಲಿ ಅಂಟು, ಮೇಲೆ ಒಣಗಿದ ಸಿಪ್ಪೆ.

ಒಳ್ಳೆಯ ಮುದ್ದೆಯ ಮೈ ನುಣುಪಾಗಿ ಹೊಳೆಯುತ್ತದೆ. ಮುರಿದಾಗ ಒಳಗೆ ಒಣ ಹಿಟ್ಟಿನ ಗಂಟು ಕಂಡರೆ, ಕುದಿಯುವ ನೀರಿಗೆ ಹಿಟ್ಟು ಸುರಿದು ಬೇಯಲು ಬಿಡದೆ ಅವಸರದಲ್ಲಿ ತೊಳಸಿದ್ದಾರೆ ಎಂದರ್ಥ. ಹಿಟ್ಟು ರಾಶಿಯಾಗಿ ಕೂತು, ನಡುವೆ ಕೋಲಿನಿಂದ ಮಾಡಿದ ತೂತಿನಲ್ಲಿ ನೀರು ಉಕ್ಕಿ ಐದಾರು ನಿಮಿಷವಾದರೂ ಬೇಯಬೇಕು, ಆಮೇಲೆ ತೊಳಸಬೇಕು. ಹಸಿ ಹಿಟ್ಟಿನ ಮುದ್ದೆ ತಿಂದರೆ ಸಂಜೆತನಕ ಹೊಟ್ಟೆ ಭಾರ. ಅದನ್ನು ಬಿಟ್ಟು ಅನ್ನ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೊಸಬರಿಗೆ ತೊಡಕಾಗುವುದು ತಿನ್ನುವ ಕ್ರಮದಲ್ಲಿ. ಬೆರಳ ತುದಿ ಮೊದಲು ಸಾರಿನಲ್ಲಿ ಒದ್ದೆ ಮಾಡಿಕೊಳ್ಳಿ, ಇಲ್ಲದಿದ್ದರೆ ಮುದ್ದೆ ಕೈಗೆ ಹತ್ತುತ್ತದೆ. ಅಂಚಿನಿಂದ ನೆಲ್ಲಿಕಾಯಿಯಷ್ಟು ಮುರಿದು, ಉರುಟಿ, ಹೆಬ್ಬೆರಳಿನಿಂದ ಒಂದು ಗುಳಿ ಒತ್ತಿ, ಆ ಗುಳಿಯಲ್ಲಿ ಸಾರು ತುಂಬಿಕೊಂಡು ನುಂಗಬೇಕು. ಅಗಿದರೆ ಹಲ್ಲಿಗೆ ಅಂಟುತ್ತದೆ, ರುಚಿಯೂ ಕೆಡುತ್ತದೆ. ಸಾರು ತಟ್ಟೆಯಲ್ಲಿ ಧಾರಾಳವಾಗಿ ಇರಬೇಕು. ಖಾಲಿಯಾಗುವ ಮೊದಲೇ ಕೇಳಿ ಹಾಕಿಸಿಕೊಳ್ಳಿ.

ಯಾವ ಸಾರು ಅನ್ನುವುದು ದಿನದ ಮೇಲೆ. ಬಸ್ಸಾರು ಇದ್ದರೆ ಅದೇ ಮೊದಲು: ಸೊಪ್ಪು-ಕಾಳು ಬೇಯಿಸಿ ಬಸಿದ ನೀರಿನಲ್ಲಿ ಸಾರು, ಬೆಂದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ, ಎರಡೂ ಒಂದೇ ತಟ್ಟೆಯಲ್ಲಿ. ಉಪ್ಸಾರಿಗೆ ಖಾರ ಬೇರೆ ಕೊಡುತ್ತಾರೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಕಾಳುಮೆಣಸು ಅರೆದ ಆ ಖಾರವನ್ನು ಪೂರ್ತಿ ಕಲಸಿಬಿಟ್ಟರೆ ಮುಗಿಯಿತು, ಆಮೇಲೆ ತಗ್ಗಿಸುವ ದಾರಿ ಇಲ್ಲ. ಚಿಟಿಕೆ ಚಿಟಿಕೆಯಾಗಿ ಸೇರಿಸಿಕೊಳ್ಳಿ. ಡಿಸೆಂಬರ್-ಜನವರಿಯಲ್ಲಿ ಅವರೆಕಾಯಿ ಬಂದಾಗ ಹಿತಕಿದಬೇಳೆ ಸಾರು ಇದೆಯೇ ಎಂದು ಕೇಳದೆ ಕೂರಬೇಡಿ. ಮಾಂಸದವರಿಗೆ ನಾಟಿ ಕೋಳಿ ಸಾರು, ತಲೆಮಾಂಸ, ಬೋಟಿ. ನಾಟಿ ಕೋಳಿಯೆಂದು ಬೋರ್ಡಿದ್ದರೂ ತುಂಡು ಬೆರಳಲ್ಲಿ ಒತ್ತಿದ ಕೂಡಲೇ ಮೂಳೆ ಬಿಟ್ಟು ಬಂದರೆ ಅದು ಬ್ರಾಯ್ಲರ್ರೇ. ನಾಟಿ ಕೋಳಿ ಎಷ್ಟು ಬೇಯಿಸಿದರೂ ಸ್ವಲ್ಪ ಗಟ್ಟಿ.

ಮುದ್ದೆ ಬೇಕು, ಆದರೆ ಫ್ಯಾಕ್ಟರಿ ಸಾಲಿನ ಗದ್ದಲ ಬೇಡ ಅನ್ನುವವರಿಗೆ ಮಲ್ಲೇಶ್ವರ ಸಂಪಿಗೆ ರಸ್ತೆಯ ಹಳ್ಳಿಮನೆ ಇದೆ. ಸಸ್ಯಾಹಾರ. ಅಕ್ಕಿ ರೊಟ್ಟಿ, ರಾಗಿ ರೊಟ್ಟಿಯೂ ಸಿಗುತ್ತದೆ. ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ಮೆಟ್ರೊದಿಂದ ನಡೆದು ಹೋಗಬಹುದು.

ಮೆಜೆಸ್ಟಿಕ್, ಗಾಂಧಿನಗರ

ಬಸ್ಸು-ರೈಲು ಇಳಿದ ಜನರ ಜಾಗವಾದ್ದರಿಂದ ಇಲ್ಲಿ ಊರೂರಿನ ಊಟ ಸಿಗುತ್ತದೆ. ಗಾಂಧಿನಗರದ ಓಣಿಗಳಲ್ಲಿ, ಆನಂದರಾವ್ ಸರ್ಕಲ್ ಸುತ್ತ, ಆಮೇಲೆ ರಾಜಾಜಿನಗರ-ವಿಜಯನಗರದ ಕಡೆ ಉತ್ತರ ಕರ್ನಾಟಕದ ಖಾನಾವಳಿಗಳಿವೆ. ಒಳಗೆ ಹೋಗುವ ಮೊದಲು ಕಿವಿ ಕೊಡಿ: ರೊಟ್ಟಿ ತಟ್ಟುವ ಸದ್ದು ಬರುತ್ತಿದ್ದರೆ ಧೈರ್ಯವಾಗಿ ಕೂರಬಹುದು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ. ಬಿಸಿ ನೀರಲ್ಲಿ ನಾದಿ, ಕೈಯಲ್ಲಿ ತಟ್ಟಿ, ಹಂಚಿನ ಮೇಲೆ ಹಾಕಿ ನೀರು ಸವರಿ, ಕೊನೆಗೆ ಉರಿಯಲ್ಲಿ ಉಬ್ಬಿಸಿದ ರೊಟ್ಟಿ ಮೆತ್ತಗಿರುವುದು ಕೆಲವೇ ನಿಮಿಷ. ಆಮೇಲೆ ಅದು ಚರ್ಮದ ಹಾಗೆ ಎಳೆಯುತ್ತದೆ. ಬೆಳಗ್ಗೆ ಮಾಡಿ ಬಟ್ಟೆಯಲ್ಲಿ ಸುತ್ತಿಟ್ಟದ್ದು ಬಂದರೆ ಅದರ ಬದಲು ಖಡಕ್ ರೊಟ್ಟಿಯನ್ನೇ ಕೇಳಿ; ಪೂರ್ತಿ ಒಣಗಿಸಿದ ರೊಟ್ಟಿ ಹಳತಾಗಿ ಕೆಡುವುದಿಲ್ಲ, ಎಣ್ಣೆಗಾಯಿ ರಸದಲ್ಲಿ ಮೆತ್ತಗಾಗುತ್ತದೆ. ಬಿಸಿ ರೊಟ್ಟಿಯನ್ನು ಒಂದೊಂದೇ ತರಲು ಹೇಳಿ. ಎರಡು ಒಟ್ಟಿಗೆ ಹಾಕಿಸಿಕೊಂಡರೆ ಕೆಳಗಿನದು ಬೆವರಿ ಹಾಳು.

ಜೊತೆಗೆ ಬದನೆಕಾಯಿ ಎಣ್ಣೆಗಾಯಿ, ಮಡಕೆಕಾಳು ಅಥವಾ ಹೆಸರುಕಾಳಿನ ಪಲ್ಯ, ಝುಣಕ, ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ. ಶೇಂಗಾ ಚಟ್ನಿಪುಡಿಗೆ ಮೊಸರು ಹಾಕಿಕೊಳ್ಳಬೇಕು, ಗುರೆಳ್ಳು ಪುಡಿಗೆ ಎಣ್ಣೆ. ಎರಡು ರೊಟ್ಟಿಗೆ ನಿಲ್ಲಿಸಿದರೆ ಅನ್ನ-ಸಾರಿಗೆ ಹೊಟ್ಟೆಯಲ್ಲಿ ಜಾಗ ಉಳಿಯುತ್ತದೆ. ಬಸವನಗುಡಿ ಕಡೆ ಇರುವವರಿಗೆ ಬ್ಯೂಗಲ್ ರಾಕ್ ಪಕ್ಕದ ಕಾಮತ್ ಹೋಟೆಲಿನಲ್ಲಿ ಇದೇ ಜೋಳದ ರೊಟ್ಟಿ ಊಟ ಸ್ವಲ್ಪ ನಾಜೂಕಾಗಿ ಸಿಗುತ್ತದೆ.

ಮೀನು ಬೇಕಿದ್ದರೆ ಗಾಂಧಿನಗರದಲ್ಲೇ ಫಿಶ್‌ಲ್ಯಾಂಡ್ ಇದೆ, ಫ್ರೇಜರ್ ಟೌನಿನ ಕೋಲ್ಸ್ ರಸ್ತೆಯಲ್ಲಿ ಮ್ಯಾಂಗಳೂರ್ ಪರ್ಲ್. ಮೀನಿನೂಟಕ್ಕೆ ಕುಚ್ಚಲಕ್ಕಿ ಇದೆಯಾ ಎಂದು ಕೇಳಿ. ಬೆಳ್ತಿಗೆ ಅನ್ನಕ್ಕೆ ಗಸಿ ಹಾಕಿದರೆ ನೀರು ನೀರಾಗುತ್ತದೆ, ಕುಚ್ಚಲಕ್ಕಿ ತೆಂಗಿನಕಾಯಿ-ಹುಣಸೆಯ ಆ ಮಂದ ರಸವನ್ನು ತಾಳಿಕೊಳ್ಳುತ್ತದೆ. ಅಂಜಲ್, ಮಾಂಜಿಗೆ ಮೆನುವಿನಲ್ಲಿ ರೇಟು ಇರುವುದಿಲ್ಲ, ಸೈಜಿನ ಮೇಲೆ. ಆರ್ಡರ್ ಕೊಡುವ ಮುಂಚೆ ತುಂಡು ತೋರಿಸಲು ಹೇಳಿ, ರೇಟು ಕೇಳಿ, ಸಂಕೋಚ ಬೇಡ. ಬಿಲ್ಲು ಬಂದ ಮೇಲೆ ವಾದ ಮಾಡಿ ಪ್ರಯೋಜನವಿಲ್ಲ. ಬಂಗುಡೆ, ಬೂತಾಯಿ ಅಗ್ಗ, ನನ್ನ ಮಟ್ಟಿಗೆ ರುಚಿಯೂ ಹೆಚ್ಚು. ಮೀನು ತಾಜಾ ಇದೆಯೋ ಇಲ್ಲವೋ ಅನುಮಾನವಿದ್ದರೆ ರವಾ ಫ್ರೈ ಬೇಡ, ತವಾ ಫ್ರೈ ಹೇಳಿ. ರವೆಯ ಗರಿಗರಿಯಲ್ಲಿ ಹಳೆ ಮೀನಿನ ಮೆತ್ತಗೆತನ ಗೊತ್ತಾಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ಸಿಗುವುದು ಬೇರೆ ಕಡೆಯಿಂದ ಬಂದದ್ದು ಅಥವಾ ಐಸಿನಲ್ಲಿಟ್ಟದ್ದು, ರೇಟೂ ಏರಿರುತ್ತದೆ. ಆಗ ಕೋರಿ ರೊಟ್ಟಿ (ಗರಿಗರಿ ಅಕ್ಕಿ ರೊಟ್ಟಿಗೆ ಕೋಳಿ ಸಾರು) ತಿನ್ನುವುದು ಜಾಣತನ.

ರೆಸಿಡೆನ್ಸಿ ರಸ್ತೆಯ ಆಂಧ್ರ ಊಟ

ಆಂಧ್ರ ಊಟ ಈಗ ಊರಿನ ಮೂಲೆಮೂಲೆಯಲ್ಲಿದೆ, ಆದರೆ ಗೊತ್ತಿಲ್ಲದವರನ್ನು ಮೊದಲ ಸಲ ಕರೆದುಕೊಂಡು ಹೋಗುವುದಿದ್ದರೆ ರೆಸಿಡೆನ್ಸಿ ರಸ್ತೆಯ ನಾಗಾರ್ಜುನಕ್ಕೇ ಹೋಗಿ. ಎಂ.ಜಿ. ರಸ್ತೆ ಮೆಟ್ರೊದಿಂದ ನಡಿಗೆ ದೂರ. ಒಂದರಿಂದ ಎರಡೂವರೆ ಆಫೀಸಿನವರ ಹೊತ್ತು, ಕಾಯಬೇಕು. ಹನ್ನೆರಡೂವರೆಗೆ ಹೋದರೆ ನೇರ ಎಲೆ ಮುಂದೆ.

ಇಲ್ಲಿ ಬಹಳ ಜನ ಮಾಡುವ ಎಡವಟ್ಟು ಒಂದೇ: ಊಟ ಹೇಳಿ, ಜೊತೆಗೆ ಬಿರಿಯಾನಿ ಹೇಳಿ, ಮೇಲೊಂದು ಚಿಲ್ಲಿ ಚಿಕನ್ ಹೇಳಿ, ಮೂರನ್ನೂ ಅರ್ಧ ಬಿಟ್ಟು ಏಳುವುದು. ಒಬ್ಬರಿಗೆ ಒಂದು ಊಟ ಸಾಕು, ಇಬ್ಬರಿದ್ದರೆ ನಡುವೆ ಒಂದು ಮಾಂಸದ ಫ್ರೈ. ಬಿರಿಯಾನಿಗೆ ಇನ್ನೊಂದು ದಿನ ಬನ್ನಿ.

ಎಲೆಯ ಮೇಲೆ ಕ್ರಮ ಇದೆ. ಮೊದಲ ಅನ್ನಕ್ಕೆ ಪಪ್ಪುಲ ಪುಡಿ ಮತ್ತು ತುಪ್ಪ. ಅನ್ನ ಬಿಸಿ ಇದ್ದಾಗಲೇ ತುಪ್ಪ ಬೀಳಬೇಕು, ಇಲ್ಲದಿದ್ದರೆ ಪುಡಿ ಗಂಟಲಿಗೆ ಹತ್ತುತ್ತದೆ. ಎರಡನೆಯದು ಪಪ್ಪು, ಅಂದರೆ ಬೇಳೆ. ಟೊಮೆಟೊ ಪಪ್ಪೋ ಪಾಲಕ್ ಪಪ್ಪೋ, ಅದಕ್ಕೆ ಆವಕಾಯಿ ಉಪ್ಪಿನಕಾಯಿಯ ಒಂದು ಚೂರು ಕಲಸಿಕೊಂಡರೆ ಬೇರೆ ಪಲ್ಯವೇ ಬೇಡ. ಗೋಂಗುರ ಚಟ್ನಿಯನ್ನು ಸಾಂಬಾರಿಗೆ ಬೆರೆಸಬೇಡಿ, ಹುಳಿಯ ಮೇಲೆ ಹುಳಿಯಾಗುತ್ತದೆ. ಅದು ಬರಿ ಅನ್ನ-ತುಪ್ಪಕ್ಕೆ. ಆಮೇಲೆ ಸಾಂಬಾರು, ರಸಂ, ಕೊನೆಗೆ ಮೊಸರು. ಬಡಿಸುವವರು ಮೊದಲ ಸುತ್ತಿಗೇ ಅನ್ನದ ಗುಡ್ಡ ಮಾಡಿಬಿಡುತ್ತಾರೆ, ಅಂಗೈ ಅಡ್ಡ ಇಟ್ಟು ಕಾಲುಭಾಗಕ್ಕೆ ನಿಲ್ಲಿಸಿ. ಅದನ್ನು ಮಾಡದವರು ರಸಂ ತನಕ ತಲುಪುವುದಿಲ್ಲ. ಪಾರ್ಸೆಲ್ ಊಟದಲ್ಲಿ ಎರಡನೇ ಸಲ ಬಡಿಸುವುದು ಇರುವುದಿಲ್ಲ, ತುಪ್ಪವೂ ಲೆಕ್ಕದ್ದು. ಹಾಗಾಗಿ ಆಂಧ್ರ ಊಟ ಪಾರ್ಸೆಲ್ ತರಿಸುವುದು ದಂಡ.

ಅಲ್ಲಿಂದ ಸ್ವಲ್ಪ ದೂರ ನಡೆದರೆ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಕೋಶೀಸ್ ಹೋಟೆಲು. ಅವಸರದವರ ಜಾಗ ಅದಲ್ಲ. ಭಾನುವಾರ ಅಪ್ಪಂ-ಸ್ಟ್ಯೂ ಬೇಕಿದ್ದರೆ ಬೇಗ ಹೋಗಬೇಕು. ಶಿವಾಜಿನಗರ, ಫ್ರೇಜರ್ ಟೌನಿನ ಬಿರಿಯಾನಿ ಹೋಟೆಲುಗಳಿಗೆ ಶುಕ್ರವಾರ ನಮಾಜ್ ಬಿಟ್ಟ ಮೇಲೆ ಒಮ್ಮೆಲೇ ಜನ ಬರುತ್ತಾರೆ. ಅಂದು ಹನ್ನೆರಡೂವರೆಗೇ ಮುಗಿಸಿಕೊಳ್ಳಿ, ಇಲ್ಲವೇ ಬೇರೆ ದಿನ.

ಎಂಟಿಆರ್, ಮತ್ತು ನಿಂತು ತಿನ್ನುವ ದರ್ಶಿನಿ

ಲಾಲ್‌ಬಾಗ್ ರಸ್ತೆಯ ಎಂಟಿಆರ್ 1924ರ ಹೋಟೆಲು. ಅಲ್ಲಿಯ ಊಟ ಒಂದೊಂದೇ ಸುತ್ತಿನಲ್ಲಿ ಬರುತ್ತದೆ: ಹಣ್ಣಿನ ರಸ, ಕೋಸಂಬರಿ-ಪಲ್ಯ, ದೋಸೆಯೋ ಪೂರಿಯೋ, ಬಿಸಿಬೇಳೆ ಬಾತ್, ಅನ್ನ-ಸಾರು, ಮೊಸರನ್ನ, ಕೊನೆಗೆ ಐಸ್‌ಕ್ರೀಂ. ಸೋಮವಾರ ರಜೆ. ಕೌಂಟರಿನಲ್ಲಿ ಹೆಸರು ಬರೆಸಿ ಕಾಯಬೇಕು, ಊಟಕ್ಕೇ ಮುಕ್ಕಾಲು ಗಂಟೆ ಹಿಡಿಯುತ್ತದೆ. ಎರಡು ಗಂಟೆಗೆ ಮೀಟಿಂಗ್ ಇಟ್ಟುಕೊಂಡವರು ಹೋಗಬಾರದು. ಬಿಸಿಬೇಳೆ ಬಾತ್ ಎರಡನೇ ಸಲ ಹಾಕಿಸಿಕೊಂಡರೆ ಸಾರಿಗೆ ಜಾಗ ಇರುವುದಿಲ್ಲ, ಗೊತ್ತಿದ್ದೂ ಎಲ್ಲರೂ ಹಾಕಿಸಿಕೊಳ್ಳುತ್ತಾರೆ. ಇನ್ನೊಂದು, ಲಾಲ್‌ಬಾಗ್ ಮೆಟ್ರೊ ಸ್ಟೇಷನ್ ಇರುವುದು ತೋಟದ ಪಶ್ಚಿಮ ದ್ವಾರದ ಕಡೆ, ಎಂಟಿಆರ್ ಮುಖ್ಯ ದ್ವಾರದ ಕಡೆ. ಹೆಸರು ನೋಡಿ ಇಳಿದವರಿಗೆ ಬಿಸಿಲಲ್ಲಿ ಒಳ್ಳೆ ನಡಿಗೆ.

ಇಪ್ಪತ್ತು ನಿಮಿಷವಷ್ಟೇ ಇದ್ದರೆ ದರ್ಶಿನಿ. ಆರ್. ಪ್ರಭಾಕರ್ ಅವರು 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರು ಮಾಡಿದಾಗಿನಿಂದ ಟೋಕನ್ ತೆಗೆದುಕೊಂಡು ನಿಂತು ತಿನ್ನುವುದು ಊರಿಗೆ ಅಭ್ಯಾಸವಾಗಿದೆ. ದರ್ಶಿನಿಯಲ್ಲಿ ಮಧ್ಯಾಹ್ನ ದೋಸೆ ಹೇಳಬೇಡಿ. ಬಹಳ ಕಡೆ ಹಂಚು ಆರಿರುತ್ತದೆ. ಬಾತ್‌ಗಳಲ್ಲಿ ಬಿಸಿಬೇಳೆ ಬಾತ್ ಹನ್ನೆರಡರಿಂದ ಒಂದರೊಳಗೆ ಮಾತ್ರ. ತೊಗರಿಬೇಳೆ, ಅಕ್ಕಿ ಎರಡೂ ಇಟ್ಟಷ್ಟು ಹೊತ್ತು ನೀರು ಕುಡಿಯುತ್ತಲೇ ಇರುತ್ತವೆ. ಗಟ್ಟಿಯಾದಾಗ ಬಿಸಿನೀರೋ ಸಾಂಬಾರೋ ಬೆರೆಸಿ ಸಡಿಲ ಮಾಡುತ್ತಾರೆ, ಆಗ ನೋಡಲು ಸರಿ, ಬಾಯಲ್ಲಿ ಮಸಾಲೆ ತೆಳು. ಹೊತ್ತಾಗಿದ್ದರೆ ಪುಳಿಯೋಗರೆ ಅಥವಾ ವಾಂಗಿಬಾತ್ ವಾಸಿ. ಎಣ್ಣೆ-ಹುಣಸೆಯ ಅನ್ನ ಎರಡು ಗಂಟೆ ಕೂತರೆ ಇನ್ನೂ ಹದವಾಗುತ್ತದೆ. ಇದಕ್ಕೂ ಅಗ್ಗಕ್ಕೆ ಇಂದಿರಾ ಕ್ಯಾಂಟೀನ್ ಇದೆ. 2017ರ ಆಗಸ್ಟಿನಲ್ಲಿ ಶುರುವಾದಾಗ ಮಧ್ಯಾಹ್ನದ ಊಟಕ್ಕೆ ಇಟ್ಟದ್ದು 10 ರೂಪಾಯಿ. ಅಲ್ಲೂ ಬೇಗ ಹೋದವರಿಗೇ ಊಟ.

ರಿಂಗ್ ರಸ್ತೆ ಆಚೆ

ಮಾರತ್‌ಹಳ್ಳಿ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಹಳೆಯ ಹೆಸರುಗಳ ಹಂಗಿಲ್ಲ. ಟೆಕ್ ಪಾರ್ಕಿನ ಒಳಗಿನ ಫುಡ್ ಕೋರ್ಟ್ ಬಿಟ್ಟು ಹಿಂದಿನ ಗೇಟಿನಿಂದ ಹೊರಗೆ ಬನ್ನಿ, ಪಿ.ಜಿ.ಗಳಿರುವ ಓಣಿಯಲ್ಲಿ ಆಂಧ್ರ ಮೆಸ್, ಕೇರಳ ಮೆಸ್, ಒಡಿಯಾ-ಬಂಗಾಳಿ ಊಟದ ಅಂಗಡಿ ಸಿಗುತ್ತವೆ. ಆ ಕಡೆಯವರೇ ಕೂತು ತಿನ್ನುತ್ತಿದ್ದಾರೆಯೇ ನೋಡಿ, ಬೋರ್ಡು ನೋಡಬೇಡಿ. ಕೇರಳದ ಊಟಕ್ಕೆ ಅಲ್ಲಿಯ ಕೆಂಪು ‘ಮಟ್ಟ’ ಅಕ್ಕಿ ಇದ್ದರೆ ಕೂರಿ. ತಳ್ಳುಗಾಡಿಯವರಲ್ಲಿ ಅನ್ನ-ಸಾಂಬಾರು ಹಬೆಯಾಡುತ್ತಿದ್ದರೆ ತೊಂದರೆಯಿಲ್ಲ. ಹುಷಾರಾಗಿರಬೇಕಾದ್ದು ಹೆಚ್ಚಿಟ್ಟ ಈರುಳ್ಳಿ-ಸೌತೆಕಾಯಿಯಲ್ಲಿ, ತಟ್ಟೆ ತೊಳೆಯುವ ಬಕೆಟ್ಟಿನಲ್ಲಿ. ತಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದ್ದಾರೆಂದರೆ ನೀರಿನ ಕೊರತೆ ಇದೆ ಅಂತ. ಅಂಥ ಹಾಳೆಗೆ ಕುದಿಯುವ ಸಾಂಬಾರು ಸುರಿಯುವುದನ್ನು ನೋಡಿದರೆ ಊಟ ಬೇಡ ಅನಿಸುತ್ತದೆ; ಬಾಳೆ ಎಲೆ ತುಂಡು ಇದೆಯಾ ಎಂದು ಕೇಳಿ.

ಜೇಬಿನಲ್ಲಿ ಇನ್ನೂರು-ಮುನ್ನೂರು ರೂಪಾಯಿ ಚಿಲ್ಲರೆ ನೋಟು ಇಟ್ಟುಕೊಂಡೇ ಹೊರಡಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬರೆದು ಅಂಟಿಸಿದ್ದರು. ಮುದ್ದೆ ಹೋಟೆಲು, ತಳ್ಳುಗಾಡಿಗಳಲ್ಲಿ ತಟ್ಟೆ ಕೈಗೆ ಬರುವ ಮುಂಚೆಯೇ ಒಮ್ಮೆ ಕೇಳಿಕೊಳ್ಳಿ.